ಬಂದೇ ರಾಯರ ಉಪಕಾರದ ಪುಸ್ತಕ

ಬಂದೇ ರಾಯರಿಗೆ ಆ ಹೆಸರಿಟ್ಟವರು ತಂದೆತಾಯಿಗಳಲ್ಲ, ಮೂವತ್ತೆರಡು ಮನೆಗಳ ಒಂದು ಹಳೆಯ ಕಟ್ಟಡದ ಜನ. ಆ ಕಟ್ಟಡದಲ್ಲಿ ಯಾರ ಮನೆಯ ನಲ್ಲಿಯೇ ಸೋರಲಿ, ಯಾರ ಬಚ್ಚಲೇ ಕಟ್ಟಿಕೊಳ್ಳಲಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಒಂದು ಸಲ ಕೂಗಿದರೆ ಸಾಕು. ನೆಲಮಹಡಿಯ ಹಿಂಭಾಗದ ಎರಡು ಕೋಣೆಯ ಮನೆಯಿಂದ "ಬಂದೆ" ಎಂಬ ಉತ್ತರ ಬರುತ್ತಿತ್ತು. ಉತ್ತರದ ಬೆನ್ನಿಗೇ ಸಾಮಾನಿನ ಚೀಲ ಹಿಡಿದು ರಾಯರೂ ಬರುತ್ತಿದ್ದರು. ಇಪ್ಪತ್ತಾರು ವರ್ಷ ಹೀಗೆ ಬಂದರು. ಅವರ ಹೆಂಡತಿಯ ಲೆಕ್ಕದಲ್ಲಿ ಹೇಳಬೇಕೆಂದರೆ, ಇಪ್ಪತ್ತಾರು ವರ್ಷ ಹೀಗೆ ಹೋದರು. ಆಕೆ ಎಲ್ಲಿಗಾದರೂ ಹೊರಡೋಣವೆಂದು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತ ದಿನವೇ ಯಾರದಾದರೂ ಟ್ಯಾಂಕು ಉಕ್ಕಿ ಹರಿಯುತ್ತಿತ್ತು.

ಆಕೆಯ ಅಡುಗೆಮನೆಯ ಗೋಡೆಯ ಮೇಲೆ ಒಂದು ಕ್ಯಾಲೆಂಡರಿನ ಹಾಳೆಯಿತ್ತು. ಅದರ ವರ್ಷ ಮುಗಿದು ಹತ್ತೊಂಬತ್ತು ವರ್ಷವಾಗಿತ್ತು. ತಾರೀಖುಗಳನ್ನೆಲ್ಲ ಕತ್ತರಿಸಿ ಎಸೆದು ಚಿತ್ರವನ್ನು ಮಾತ್ರ ಉಳಿಸಿಕೊಂಡಿದ್ದರು: ದೊಡ್ಡದೊಂದು ಹೂದೋಟ, ನಡುವೆ ಮೂರಾಳೆತ್ತರಕ್ಕೆ ಚಿಮ್ಮುವ ಕಾರಂಜಿ. ಒಲೆಯ ಮುಂದೆ ನಿಂತಾಗಲೆಲ್ಲ ಅದನ್ನು ನೋಡುತ್ತಿದ್ದರು. ಒಂದು ಸಲ ನೋಡಬೇಕು ಅಂತ ಬಾಯಿಬಿಟ್ಟು ಹೇಳಿದ್ದು ಬಹುಶಃ ಎರಡು ಸಲ. ಎರಡು ಸಲವೂ ರಾಯರು ಯಾರದೋ ಮನೆಗೆ ಹೊರಟು ನಿಂತಿದ್ದರು.

ಈ ವಿಷಯ ಹೇಗೋ ಕಟ್ಟಡದವರ ಕಿವಿಗೆ ಬಿತ್ತು. ಮೂವತ್ತೆರಡು ಮನೆಯವರೂ ಸೇರಿ ಗಂಡ ಹೆಂಡತಿ ಇಬ್ಬರಿಗೂ ನಾಲ್ಕು ದಿನದ ಬಸ್ ಪ್ರವಾಸದ ಟಿಕೆಟ್ ತಂದುಕೊಟ್ಟರು. ಕೋಟೆ, ಅರಮನೆ, ಬೆಟ್ಟಗುಡ್ಡ, ಕೊನೆಯ ದಿನ ಅದೇ ತೋಟ, ಅದೇ ಕಾರಂಜಿ. ರಾಯರು ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಏನೋ ಹೇಳಲು ಹೋದರು, ಗಂಟಲು ಕಟ್ಟಿತು. ಗಂಟಲು ಕಟ್ಟಿದರೆ ಯಾವ ಸ್ಪ್ಯಾನರ್ ಹಾಕಬೇಕೆಂದು ಅವರಿಗೂ ಗೊತ್ತಿರಲಿಲ್ಲ.

ಮೂರನೆಯ ಮಹಡಿಯ ನಿವೃತ್ತ ಟೀಚರಮ್ಮ ಅವರ ಕೈಗೆ ಒಂದು ಪುಟ್ಟ ನೋಟ್‌ಪುಸ್ತಕ ಕೊಟ್ಟು, ನೋಡಿದ್ದನ್ನೆಲ್ಲ ಬರೆದು ತರಬೇಕು, ದಾರಿಯಲ್ಲಿ ಯಾರು ಯಾರು ಏನೇನು ಉಪಕಾರ ಮಾಡಿದರೋ ಅದನ್ನೂ ಬರೆಯಬೇಕು, ವಾಪಸು ಬಂದಮೇಲೆ ಎಲ್ಲರ ಮುಂದೆ ಓದಬೇಕು ಎಂದರು. ಟೀಚರಮ್ಮ ಹಾಗೆ ಸುಮ್ಮನೆ ಹೇಳಿರಬಹುದು. ರಾಯರಿಗೆ ಅದು ಕೋರ್ಟಿನ ಆಜ್ಞೆಯಾಯಿತು.

ಹೆಂಡತಿಯದೂ ಒಂದು ಷರತ್ತಿತ್ತು. ಈ ನಾಲ್ಕು ದಿನ ಪೈಪು, ನಲ್ಲಿ, ಬಚ್ಚಲು ಯಾವುದನ್ನೂ ಮುಟ್ಟಕೂಡದು. ಸಾಮಾನಿನ ಚೀಲವನ್ನು ಕಪಾಟಿನಲ್ಲಿಟ್ಟು ಬೀಗ ಜಡಿದು, ಬೀಗದ ಕೈಯನ್ನು ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ರಾಯರು ಮುಟ್ಟುವುದಿಲ್ಲವೆಂದು ಮಾತು ಕೊಟ್ಟರು. ಕಣ್ಣು, ಕಿವಿ, ಮೂಗುಗಳ ವಿಷಯ ಮಾತುಕತೆಯಲ್ಲಿ ಬಂದಿರಲಿಲ್ಲ.

ಇನ್ನು ಆ ಬಸ್ಸಿನ ಗೈಡ್ ಹುಡುಗಿಯ ಕಥೆ. ಪಾಪ, ಅವಳ ಮೇಲೆ ಆಗಲೇ ಎರಡು ದೂರುಗಳಿದ್ದವು. ಮೊದಲನೆಯದು, ತಲೆ ಎಣಿಸುವಾಗ ತಪ್ಪಿ ಒಬ್ಬ ತಾತನನ್ನು ವಸ್ತುಸಂಗ್ರಹಾಲಯದ ಬೆಂಚಿನ ಮೇಲೇ ಬಿಟ್ಟು ಬಂದದ್ದು. ಎರಡನೆಯದು, ಒಂದು ಕೋಟೆಯ ರಾಜನನ್ನು ಇನ್ನೊಂದು ಕೋಟೆಯಲ್ಲಿ ಸಾಯಿಸಿದ್ದು. ಮೂರನೆಯ ದೂರು ಬಂದರೆ ನೇರವಾಗಿ ಮನೆಗೆ ಎಂದು ಆಫೀಸು ಹೇಳಿತ್ತು. ಸಾಲದ್ದಕ್ಕೆ ಈ ಸಲ ಒಂದು ಕಾಗದವೂ ಬಂದಿತ್ತು: ಪ್ರಯಾಣಿಕರ ನಡುವೆ ಆಫೀಸಿನ ಇನ್ಸ್‌ಪೆಕ್ಟರ್ ಒಬ್ಬರು ಗುಟ್ಟಾಗಿ ಬರಲಿದ್ದಾರೆ, ಎಚ್ಚರ. ಯಾರೆಂದು ಪತ್ತೆ ಹಚ್ಚುವುದು ಹೇಗೆ? ಮೂವತ್ತು ವರ್ಷ ಬಸ್ಸೋಡಿಸಿದ ಡ್ರೈವರ್ ಅವಳಿಗೆ ಧೈರ್ಯ ಹೇಳಿದ. ಇನ್ಸ್‌ಪೆಕ್ಟರುಗಳಿಗೆ ಎರಡೇ ಗುರುತು, ಕೈಯಲ್ಲಿ ಸಣ್ಣ ಪುಸ್ತಕ, ಬಾಯಲ್ಲಿ ಸಿಹಿ ಮಾತು.

ಹೊರಟ ಐದನೇ ನಿಮಿಷದಲ್ಲಿ ಬಸ್ಸು ಸಿಗ್ನಲಿನಲ್ಲಿ ನಿಂತಾಗ ಡ್ರೈವರ್ ಎದ್ದುಬಂದು, ರಾಯರ ಹೆಂಡತಿಗೆ ಗಾಳಿ ಬರಲಿ ಎಂದು ಬಿಗಿಯಾಗಿದ್ದ ಕಿಟಕಿಯನ್ನು ಗುದ್ದಿ ತೆರೆದುಕೊಟ್ಟ. ರಾಯರು ಕೈಮುಗಿದು, ತುಂಬಾ ಉಪಕಾರವಾಯಿತು ಸ್ವಾಮಿ, ಮರೆಯೋಕೆ ಮುಂಚೆ ಬರೆದುಕೊಂಡುಬಿಡುತ್ತೇನೆ ಅಂತ ಜೇಬಿನಿಂದ ಪುಸ್ತಕ ತೆಗೆದರು. ಡ್ರೈವರಿನ ಎದೆಯಲ್ಲಿ ಅವಲಕ್ಕಿ ಕುಟ್ಟಿತು. ಸಿಗ್ನಲ್ ಹಸಿರಾಗಿ, ಹಿಂದಿನ ವಾಹನಗಳೆಲ್ಲ ಕಿರುಚಿಕೊಂಡರೂ ಅವನಿಗೆ ಗೇರು ಸಿಕ್ಕಲಿಲ್ಲ.

ಗೈಡ್ ಹುಡುಗಿ ಮೆಲ್ಲಗೆ ಬಂದು, ಏನು ಬರೀತಿದೀರಿ ಸರ್ ಎಂದು ವಿಚಾರಿಸಿದಳು.

"ನಿಮ್ಮೆಲ್ಲರ ವಿಷಯಾನೇ ತಾಯಿ," ಎಂದರು ರಾಯರು ಮುಖವರಳಿಸಿ. "ಯಾರು ಏನು ಮಾಡಿದ್ರು ಅಂತ ಒಂದೂ ಬಿಡದೆ ಬರೀಬೇಕು. ವಾಪಸ್ ಹೋದ್ಮೇಲೆ ಎಲ್ಲರ ಮುಂದೆ ಓದಬೇಕು. ಮೂವತ್ತೆರಡು ಜನ ಕಾಯ್ತಿದಾರೆ."

ತನ್ನ ಕಂಪನಿಯ ಆಡಳಿತ ಮಂಡಳಿಯಲ್ಲಿ ಮೂವತ್ತೆರಡು ಜನ ಇದ್ದಾರೆಂದು ಆ ಹುಡುಗಿಗೆ ಅಂದೇ ಗೊತ್ತಾದದ್ದು. ಮುಂದಿನ ನಿಲ್ದಾಣ ಬರುವಷ್ಟರಲ್ಲಿ ರಾಯರೂ ಹೆಂಡತಿಯೂ ಏಳನೇ ಸಾಲಿನಿಂದ ಮೊದಲನೇ ಸಾಲಿಗೆ ಬಂದಿದ್ದರು. ಮೊದಲನೇ ಸಾಲಿನಲ್ಲಿದ್ದವರು ಏಳನೆಯದಕ್ಕೆ ಹೋದರು.

ಹಾಗೆ ಹೋದವರು ಬೇರೆ ಯಾರೂ ಅಲ್ಲ, ರಾಯರ ಷಡ್ಡಕರು. ಅಂದರೆ ರಾಯರ ಹೆಂಡತಿಯ ಅಕ್ಕನ ಗಂಡ. ನೋಂದಣಿ ಕಚೇರಿಯಲ್ಲಿ ಹಿರಿಯ ಗುಮಾಸ್ತರಾಗಿ ನಿವೃತ್ತರಾದವರು, ತಂಗಿ ಹೊರಟಿದ್ದಾಳೆಂದು ಅಕ್ಕ ಹಟ ಹಿಡಿದದ್ದರಿಂದ ಬಂದವರು. ಮೊದಲ ಸಾಲಿಗಾಗಿ ಎರಡು ತಿಂಗಳ ಮುಂಚೆಯೇ ಅರ್ಜಿ ಹಾಕಿದ್ದರು, ಅದರ ನಕಲು ಕೂಡ ಜೇಬಿನಲ್ಲಿತ್ತು. ಏಳನೇ ಸಾಲಿನ ಸೀಟು ಸರಿಯಾಗಿ ಚಕ್ರದ ಮೇಲಿತ್ತು. ರಸ್ತೆಯ ಪ್ರತಿಯೊಂದು ಗುಂಡಿಯೂ ಅವರ ಅನುಭವಕ್ಕೆ ಬಂದ ಮೇಲೆಯೇ ಬಸ್ಸಿನ ಉಳಿದವರಿಗೆ ಗೊತ್ತಾಗುತ್ತಿತ್ತು.

ಮೊದಲ ದಿನ ಕೋಟೆ. ಗೈಡ್ ಹುಡುಗಿ ಯುದ್ಧ, ಮುತ್ತಿಗೆ, ಪಟ್ಟಾಭಿಷೇಕ ಎಲ್ಲವನ್ನೂ ಈ ಸಲ ಸರಿಯಾದ ರಾಜನ ಹೆಸರಿಗೇ ಹೇಳುತ್ತಿದ್ದಳು. ರಾಯರು ಮಾತ್ರ ಗುಂಪಿನಿಂದ ಆಚೆ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ಮಾತು ಮಾತೇ. ಕಲ್ಲಿನ ಹಳೆಯ ಚರಂಡಿಯೊಳಗೆ ಇಣುಕಿ, ಮೂಸಿ, ತಲೆಯೆತ್ತಿ, ಇಲ್ಲಿ ನೀರು ಎಲ್ಲಿಗೆ ಹೋಗ್ತಿತ್ತು ತಾಯಿ ಎಂದು ಕೇಳಿದರು. ಅದು ಅವಳ ಪಾಠದಲ್ಲಿರಲಿಲ್ಲ. ಅವಳ ಮುಖ ಸುಣ್ಣವಾಯಿತು. ರಾಯರು ಪರವಾಗಿಲ್ಲವೆಂದು ಏನನ್ನೋ ಬರೆದುಕೊಂಡರು.

ಮಾರನೆಯ ದಿನದಿಂದ ಇತಿಹಾಸವೇ ಬದಲಾಯಿತು. ಹುಡುಗಿ ಎಲ್ಲಿಂದ ಓದಿಕೊಂಡು ಬಂದಳೋ, ಅರಮನೆಗೆ ಹೋದರೆ ದರ್ಬಾರು ಮಂಟಪಕ್ಕಿಂತ ಮೊದಲು ಬಚ್ಚಲು. ಗಡಿಯಾರದ ಗೋಪುರಕ್ಕೆ ಹೋದರೆ ಮಳೆನೀರಿನ ಕೊಳವೆ. ಮಹಾರಾಣಿಯ ಮಲಗುವ ಮನೆಯಲ್ಲಿ ಮೋರಿ ಯಾವ ಮೂಲೆಯಲ್ಲಿತ್ತೆಂದು ನಲವತ್ತು ಜನರಿಗೂ ಬಾಯಿಪಾಠವಾಯಿತು, ಮಹಾರಾಣಿ ಯಾರೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ. ಷಡ್ಡಕರು ರಾಜರ ಪರಾಕ್ರಮದ ಬಗ್ಗೆ ಏನಾದರೂ ಹೇಳಮ್ಮ ಅಂದರು. ಅವಳು ರಾಯರ ಕಡೆ ಒಮ್ಮೆ ನೋಡಿ, ಕೋಟೆಯಲ್ಲಿ ಇನ್ನೂರು ವರ್ಷ ಒಂದು ಚರಂಡಿಯೂ ಕಟ್ಟಿಕೊಳ್ಳಲಿಲ್ಲ ಸರ್, ಅದಕ್ಕಿಂತ ಪರಾಕ್ರಮ ಬೇಕಾ ಎಂದಳು. ರಾಯರೊಬ್ಬರೇ ಚಪ್ಪಾಳೆ ತಟ್ಟಿದರು.

ಹೋಟೆಲಿನದು ಇನ್ನೊಂದು ಕಥೆ. ಮ್ಯಾನೇಜರ್ ಬೀಗದ ಕೈ ಹಂಚುತ್ತಿದ್ದಾಗ ರಾಯರು ಗೋಡೆಗೆ ಕಿವಿಯಿಟ್ಟು ನಿಂತರು. ಗೋಡೆಯೊಳಗೆ ಎಲ್ಲೋ ಒಂದು ಕಡೆ ನೀರು ಜಿನುಗುವ ಸದ್ದು, ಅವರ ಮುಖದ ತುಂಬ ಸಂಕಟ. ಡ್ರೈವರ್ ಮ್ಯಾನೇಜರಿನ ಕಿವಿಯಲ್ಲಿ ಎರಡು ಮಾತು ಊದಿದ್ದೇ ತಡ, ರಾಯರ ಕೈಗೆ ಎಲ್ಲಕ್ಕಿಂತ ದೊಡ್ಡ ಕೋಣೆಯ ಬೀಗದ ಕೈ ಬಂತು. ಅದರ ಸ್ನಾನದ ಮನೆಯಲ್ಲಿ ರಾಯರ ಇಡೀ ಮನೆ ಹಿಡಿಸುತ್ತಿತ್ತು. ಎಲ್ಲರಿಗೂ ಇಂಥದ್ದೇ ಕೊಟ್ಟಿರುತ್ತಾರೆ, ಎಷ್ಟು ಒಳ್ಳೆಯ ಜನ ಎಂದು ರಾಯರು ಕೆಳಗಿಳಿದು ಬಂದು ಮ್ಯಾನೇಜರಿಗೆ, ರೂಮ್ ಗುಡಿಸಿದವಳಿಗೆ, ಬಾಗಿಲು ತೆರೆದವನಿಗೆ ಬೇರೆ ಬೇರೆಯಾಗಿ ಉಪಕಾರ ಹೇಳಿ, ಪ್ರತಿಯೊಬ್ಬರ ಮುಂದೆಯೂ ಬರೆದುಕೊಂಡರು. ಅವರು ಉಪಕಾರ ಹೇಳಿದಷ್ಟೂ ಜನ ಬೆವರಿದರು.

ಷಡ್ಡಕರ ಕೋಣೆ ಜನರೇಟರಿನ ಪಕ್ಕದಲ್ಲಿತ್ತು. ಅವರಿಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ಗೈಡ್ ಹುಡುಗಿಯನ್ನು ಪಕ್ಕಕ್ಕೆ ಕರೆದು ಇದ್ದ ಸತ್ಯವನ್ನು ಇದ್ದ ಹಾಗೆ ಹೇಳಿದರು.

"ನೀನು ಅವನನ್ನ ಏನಂತ ತಿಳ್ಕೊಂಡಿದೀಯೋ ಗೊತ್ತಿಲ್ಲಮ್ಮ. ಅವನು ನಲ್ಲಿ ರಿಪೇರಿ ಮಾಡೋನು. ನನ್ನ ಖಾಸಾ ಷಡ್ಡಕ."

ಹುಡುಗಿ ಗಂಭೀರವಾಗಿ ತಲೆಯಾಡಿಸಿದಳು. "ಗೊತ್ತು ಸರ್," ಎಂದು ದನಿ ತಗ್ಗಿಸಿದಳು. "ನಲ್ಲಿ ರಿಪೇರಿಯವರು. ನಾನು ಯಾರಿಗೂ ಬೇರೆ ಏನೂ ಹೇಳಲ್ಲ. ನೀವೂ ಅವರ ಜೊತೇಲೇ ಬಂದಿರೋರು ಅಂತ ಈಗ ಅರ್ಥವಾಯ್ತು."

ಷಡ್ಡಕರು ಕಕ್ಕಾಬಿಕ್ಕಿಯಾದರು. ಮೂವತ್ತೈದು ವರ್ಷದ ಸರ್ಕಾರಿ ನೌಕರಿಯಲ್ಲಿ ಅವರು ಅಪ್ಪಟ ಸತ್ಯ ಹೇಳಿದ ಸಂದರ್ಭಗಳು ಕಡಿಮೆ. ಹೇಳಿದ ಒಂದು ಸಲವೂ ಹೀಗಾಯಿತು. ಅಂದಿನಿಂದ ಅವರಿಗೂ ದೊಡ್ಡ ಕೋಣೆ ಸಿಕ್ಕಿದ್ದರಿಂದ ಮತ್ತೆ ಸತ್ಯದ ಗೊಡವೆಗೆ ಹೋಗಲಿಲ್ಲ.

ಈ ಸಡಗರದಲ್ಲಿ ರಾಯರಿಗೆ ಒಂದೇ ಒಂದು ಕಿರಿಕಿರಿ. ತಿಂಡಿಗೆ ಕೂತರೂ ಊಟಕ್ಕೆ ಕೂತರೂ ಆ ಹುಡುಗಿ ಅವರ ಮೇಜಿನ ಪಕ್ಕದಲ್ಲಿ ನಿಂತೇ ಇರುತ್ತಿದ್ದಳು. ಉಪ್ಪು ಸಾಕಾ ಸರ್, ನೀರು ಬಿಸಿ ಇದೆಯಾ ಸರ್. ಕೂತ್ಕೊಳಮ್ಮ, ನೀನೂ ಒಂದು ತುತ್ತು ತಿನ್ನು ಎಂದು ರಾಯರು ದಿನಕ್ಕೆ ಮೂರು ಸಲ ಕರೆದರು. ಡ್ಯೂಟಿ ಸಮಯದಲ್ಲಿ ಕೂತು ತಿನ್ನುತ್ತಾಳೋ ಇಲ್ಲವೋ ಅಂತ ಪರೀಕ್ಷೆ ಮಾಡುತ್ತಿದ್ದಾರೆಂದು ಅವಳು ಮೂರು ಸಲವೂ ಬೇಡವೆಂದಳು. ನಿಂತವರ ಮುಂದೆ ಕೂತು ತಿಂದ ತುತ್ತು ರಾಯರ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮೂರನೆಯ ದಿನ ಬೆಟ್ಟದ ದಾರಿ. ತಿರುವು ಕಳೆದ ಹಾಗೆಲ್ಲ ಕಣಿವೆ ತೆರೆದುಕೊಳ್ಳುತ್ತಿತ್ತು, ಕೆಳಗೆ ಹೊಲಗಳು, ಹೊಲಗಳ ನಡುವೆ ನೀರು. ಹೆಂಡತಿ ಕಿಟಕಿಗೆ ಮುಖವಿಟ್ಟು ಕೂತವರು ಮೂರು ಗಂಟೆ ಹೊರಗಿನಿಂದ ಕಣ್ಣು ಕೀಳಲಿಲ್ಲ. ಕೊನೆಗೆ ತಿರುಗಿ, ನಾಳೆ ತಾನೇ ತೋಟ ಎಂದು ಕೇಳಿದರು. ಹೌದು ನಾಳೆಯೇ ಎಂದರು ರಾಯರು. ಹತ್ತು ನಿಮಿಷ ಬಿಟ್ಟು ಆಕೆ ಅದನ್ನೇ ಮತ್ತೆ ಕೇಳಿದರು. ರಾಯರಿಗೆ ಬಹಳ ಸಂತೋಷವಾಯಿತು, ಹಾಗೇ ಸ್ವಲ್ಪ ನಾಚಿಕೆಯೂ ಆಯಿತು.

ನಾಲ್ಕನೆಯ ದಿನ ಮಧ್ಯಾಹ್ನ ತೋಟ ಬಂತು. ಕ್ಯಾಲೆಂಡರಿನಲ್ಲಿದ್ದ ಹೂವಿನ ಸಾಲು ಇತ್ತು, ಕಲ್ಲಿನ ಮೆಟ್ಟಿಲಿತ್ತು, ಬಿಳಿಯ ಕಟ್ಟೆಯೂ ಇತ್ತು. ಕಾರಂಜಿ ಇರಲಿಲ್ಲ. ಒಣಗಿದ ಕೊಳದ ನಡುವೆ 'ದುರಸ್ತಿಯಲ್ಲಿದೆ' ಎಂಬ ಬೋರ್ಡು ನಿಂತಿತ್ತು. ಅದಕ್ಕೂ ಬಣ್ಣ ಹೋಗಿತ್ತು.

ಹೆಂಡತಿ ಕೊಳದ ಕಟ್ಟೆಯ ಮೇಲೆ ಕೂತು, ಪರವಾಗಿಲ್ಲ ಬಿಡಿ, ತೋಟ ಚೆನ್ನಾಗೇ ಇದೆ ಎಂದರು. ಆ ಪರವಾಗಿಲ್ಲವನ್ನು ರಾಯರು ಇಪ್ಪತ್ತಾರು ವರ್ಷದಿಂದ ಬಾಗಿಲಲ್ಲಿ ಕೇಳಿಸಿಕೊಂಡಿದ್ದರು. ಆಗೆಲ್ಲ ಅವಸರದಲ್ಲಿರುತ್ತಿದ್ದರು. ಇವತ್ತು ಯಾವ ಅವಸರವೂ ಇರಲಿಲ್ಲವಾದ್ದರಿಂದ ಅದು ನೇರವಾಗಿ ಎದೆಗೆ ನಾಟಿತು.

ಗೈಡ್ ಹುಡುಗಿ ಅಷ್ಟು ಹೊತ್ತಿಗೆ ತೋಟದ ಅಧಿಕಾರಿಯ ಕೋಣೆಯಲ್ಲಿ ಗೋಗರೆಯುತ್ತಿದ್ದಳು. ಅಧಿಕಾರಿ ಪತ್ರಿಕೆಯಿಂದ ತಲೆಯೆತ್ತದೆ, ಪಂಪು ಹಾಳಾಗಿದೆ, ಮೇಲಿನವರಿಗೆ ಬರೆದಿದ್ದೇವೆ, ದೂರಿದ್ದರೆ ಮೂರು ಪ್ರತಿಯಲ್ಲಿ ಕೊಡಿ ಎಂದರು. ಡ್ರೈವರ್ ಬಗ್ಗಿ ಅವರ ಕಿವಿಯಲ್ಲಿ ಊದಿದ. ಅಧಿಕಾರಿ ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಹೊರಗೆ ಬಂದು ರಾಯರಿಗೆ ಕೈಮುಗಿದು, ತಾವು ಯಾವ ಇಲಾಖೆಯವರು ಎಂದು ವಿನಯದಿಂದ ಕೇಳಿದರು.

"ಇಲಾಖೆ ಅಂತ ಏನಿಲ್ಲ ಸ್ವಾಮಿ," ಎಂದರು ರಾಯರು. "ಮೂವತ್ತೆರಡು ಮನೆ ಇದೆ. ಅಷ್ಟನ್ನ ನೋಡ್ಕೊಂಡ್ರೆ ಸಾಕಾಗುತ್ತೆ."

ಇಲಾಖೆಯ ಹೆಸರನ್ನೂ ಹೇಳದಷ್ಟು ದೊಡ್ಡ ಅಧಿಕಾರಿ ಎಂದು ತೋಟದ ಅಧಿಕಾರಿಗೆ ಖಾತ್ರಿಯಾಯಿತು. ಓಡಿಹೋಗಿ ನೆಲದಡಿಯ ಪಂಪ್ ಕೋಣೆಯ ಬೀಗ ತೆಗೆಸಿ, ಕೈಯಲ್ಲಿ ಟಾರ್ಚ್ ಹಿಡಿದು ನಿಂತರು.

ರಾಯರು ನೆಲದಿಂದ ಎದ್ದುಬಂದಿದ್ದ ಪೈಪಿಗೆ ಕಿವಿ ಹತ್ತಿರ ತಂದರು. ಕೈ ಬೆನ್ನ ಹಿಂದೆಯೇ ಇತ್ತು. ಪಂಪು ಹಾಳಾಗಿಲ್ಲ, ನೀರಿದೆ, ಎಲ್ಲೋ ಒಂದು ಕಡೆ ಏನೋ ಸಿಕ್ಕಿಕೊಂಡು ಉಸಿರು ಕಟ್ಟಿದೆ ಅಷ್ಟೆ ಎಂದರು. ಎಂದವರು ತಪ್ಪು ಮಾಡಿ ಸಿಕ್ಕಿಬಿದ್ದ ಶಾಲೆಯ ಮಗುವಿನಂತೆ ಹೆಂಡತಿಯ ಮುಖ ನೋಡಿದರು.

ಹೆಂಡತಿ ಕೈಚೀಲದೊಳಗೆ ಕೈಹಾಕಿ, ಬಾಚಣಿಗೆ, ಮಾತ್ರೆ, ಬೀಗದ ಕೈಗಳ ಅಡಿಯಿಂದ ಒಂದು ಸ್ಪ್ಯಾನರ್ ಎಳೆದು ತೆಗೆದರು.

"ಚೀಲಕ್ಕೆ ಬೀಗ ಹಾಕೋವಾಗ ಇದೊಂದನ್ನ ಯಾಕೋ ಹೊರಗೆ ಇಟ್ಕೊಂಡೆ," ಎಂದರು. "ನೀವು ಮಾತು ತಪ್ಪಿದ ಹಾಗಲ್ಲ. ನಾನೇ ಹೇಳ್ತಿದೀನಿ, ಮುಟ್ಟಿ. ನಾನೂ ಕೆಳಗೆ ಬರ್ತೀನಿ. ನೀವು ಕೆಲಸ ಮಾಡೋದನ್ನ ನಾನು ಯಾವತ್ತೂ ನೋಡೇ ಇಲ್ಲ."

ಇಬ್ಬರೂ ಮೆಟ್ಟಿಲಿಳಿದರು. ಅಧಿಕಾರಿಯ ಕೈಯಿಂದ ಟಾರ್ಚನ್ನು ಆಕೆಯೇ ಇಸಿದುಕೊಂಡರು. ಕೆಳಗೆ ಮೊಣಕಾಲುದ್ದ ನೀರು, ಗೋಡೆಯ ತುಂಬ ಹಾವಿನ ಹಾಗೆ ಸುತ್ತಿದ ಪೈಪುಗಳು. ಒಬ್ಬೊಬ್ಬರಿಗೂ ಒಂದೊಂದು ಜಾಗದಲ್ಲಿ ಸಂತೋಷವಿರುತ್ತದೆ, ರಾಯರದು ಅಲ್ಲಿತ್ತು. ಜಾಲರಿಯ ಮುಚ್ಚಳ ಬಿಚ್ಚಿ ತೋಳಿನವರೆಗೆ ಕೈಹಾಕಿ, ಎರಡು ಬುಟ್ಟಿ ಎಲೆ, ಒಂದು ಮಗುವಿನ ಟೋಪಿ, ಕೊನೆಯಲ್ಲಿ ಒಂದು ರಬ್ಬರ್ ಚಪ್ಪಲಿ ಹೊರತೆಗೆದರು. ಅಧಿಕಾರಿ ಮೇಲಿನಿಂದ ಅದನ್ನು ನೋಡಿ, ಅರೆ ಇದು ನನ್ನದು ಎಂದವರು, ಮರುಗಳಿಗೆಯಲ್ಲೇ ತಮ್ಮದಲ್ಲವೆಂದರು.

ಮುಚ್ಚಳ ಬಿಗಿದದ್ದಾಯಿತು. ಈಗ ನೋಡು ಅಂತ ರಾಯರು ನೀರು ಬಿಡುವ ಒಂದು ಚಕ್ರವನ್ನು ಜೋರಾಗಿ ತಿರುಗಿಸಿದರು. ಹೆಂಡತಿಯ ಮುಂದೆ ಮೊದಲ ಸಲ ಕೆಲಸ ಮಾಡುತ್ತಿದ್ದ ಗಲಿಬಿಲಿಯಲ್ಲಿ ಅವರು ತಿರುಗಿಸಿದ್ದು ಹುಲ್ಲಿನ ನೀರಾವರಿಯದು. ಮೇಲೆ ಹುಲ್ಲುಹಾಸಿನ ಉದ್ದಗಲಕ್ಕೂ ಇನ್ನೂರು ತೂತುಗಳಿಂದ ಒಟ್ಟಿಗೇ ನೀರು ಹಾರಿತು. ತಮ್ಮ ಹೆಂಡತಿಯ ಪಕ್ಕದಲ್ಲಿ ಮೀಸೆ ತೀಡಿ ಫೋಟೋಗೆ ನಿಂತಿದ್ದ ಷಡ್ಡಕರು ಅಡಿಯಿಂದ ಮುಡಿಯವರೆಗೆ ತೊಯ್ದು ಹೋದರು. ಅವರ ಕೂಗು ಪಂಪ್ ಕೋಣೆಯವರೆಗೆ ಕೇಳಿಸಿತು.

"ಬಂದೆ," ಎಂದರು ರಾಯರು ಅಭ್ಯಾಸಬಲದಿಂದ. ಆ ಚಕ್ರವನ್ನು ಮುಚ್ಚಿ ಪಕ್ಕದ್ದನ್ನು ತೆರೆದರು.

ಪೈಪು ಒಮ್ಮೆ ಕೆಮ್ಮಿತು, ಗುಡುಗುಟ್ಟಿತು. ಆಮೇಲೆ ಮೇಲಿನಿಂದ ಹೋ ಎಂದು ಜನರ ಉದ್ಗಾರ, ಚಪ್ಪಾಳೆ. ಹತ್ತೊಂಬತ್ತು ವರ್ಷ ಕಾದ ಕಾರಂಜಿ ಮೇಲೇರಿದಾಗ ಗಂಡ ಹೆಂಡತಿ ಇಬ್ಬರೂ ನೆಲದಡಿಯ ಕತ್ತಲೆಯಲ್ಲಿದ್ದರು. ರಾಯರಿಗೆ ಅಯ್ಯೋ ಅನ್ನಿಸಿತು, ಮೊದಲು ಏರುವುದನ್ನು ನೀನು ನೋಡಲಿಲ್ಲವಲ್ಲ ಎಂದು ಪೆಚ್ಚಾದರು. ಆಕೆ ಟಾರ್ಚನ್ನು ಅವರ ಮುಖಕ್ಕೇ ಹಿಡಿದು ನಗುತ್ತಿದ್ದರು.

"ಇಷ್ಟು ವರ್ಷ ಒದ್ದೆಯಾಗಿ ಬರೋದು ಮಾತ್ರ ನೋಡಿದ್ದೆ," ಎಂದರು. "ನಡೀರಿ, ಮೇಲೆ ಹೋಗೋಣ. ಅದೇನು ಓಡಿಹೋಗುತ್ತಾ."

ಮೇಲೆ ಬಂದು ಅದೇ ಕಟ್ಟೆಯ ಮೇಲೆ, ಮೊಣಕಾಲವರೆಗೆ ತೊಯ್ದ ಬಟ್ಟೆಯಲ್ಲಿ ಇಬ್ಬರೂ ಕೂತು ನೋಡಿದರು. ಕ್ಯಾಲೆಂಡರಿನ ಚಿತ್ರಕ್ಕೆ ಸದ್ದಿರಲಿಲ್ಲ, ತುಂತುರಿರಲಿಲ್ಲ. ಇದಕ್ಕೆ ಎರಡೂ ಇತ್ತು. ಬಸ್ಸು ಹೊರಡುವ ಹೊತ್ತಾಗಿ ಅರ್ಧ ಗಂಟೆ ಕಳೆದರೂ ಡ್ರೈವರ್ ಹಾರ್ನ್ ಮಾಡಲಿಲ್ಲ. ಹೆದರಿಕೆಯಿಂದಲೋ ಮರ್ಯಾದೆಯಿಂದಲೋ ಅವನಿಗೇ ಗೊತ್ತಿರಲಿಕ್ಕಿಲ್ಲ.

ಹಿಂದಿರುಗುವ ದಾರಿಯಲ್ಲಿ, ಕೊನೆಯ ಟೀ ನಿಲ್ದಾಣದಲ್ಲಿ ಗೈಡ್ ಹುಡುಗಿ ಎಲ್ಲರಿಗೂ ಅಭಿಪ್ರಾಯದ ಫಾರಂ ಹಂಚಿದಳು. ರಾಯರು ನಾಲಿಗೆ ಹೊರಚಾಚಿ, ಮೇಜಿನ ಮೇಲೆ ಬಗ್ಗಿ ತುಂಬಿದರು. ಅವಳು ಪಕ್ಕದಲ್ಲಿ ನಿಂತಿದ್ದಳು. ಉದ್ಯೋಗ ಎಂಬಲ್ಲಿ 'ನಲ್ಲಿ ರಿಪೇರಿ' ಎಂದು ಬರೆದದ್ದನ್ನು ಕಂಡು, ಕೊನೆಯವರೆಗೂ ಗುಟ್ಟು ಬಿಡಲಿಲ್ಲವಲ್ಲ ಎಂದುಕೊಂಡಳು. ಫಾರಮ್ಮಿನ ಕೊನೆಯಲ್ಲಿ 'ದೂರುಗಳು' ಎಂದು ಒಂದು ಚೌಕವಿತ್ತು. ಕೊಟ್ಟ ಜಾಗವನ್ನು ಖಾಲಿ ಬಿಟ್ಟರೆ ಕೊಟ್ಟವರಿಗೆ ಅವಮಾನ ಎಂಬುದು ರಾಯರ ನಂಬಿಕೆ. ಬಹಳ ಹೊತ್ತು ಯೋಚಿಸಿ, ಆ ಚೌಕದಲ್ಲಿಯೂ ಬರೆಯತೊಡಗಿದರು.

ಹುಡುಗಿಗೆ ಅದನ್ನು ಓದುವ ಧೈರ್ಯವಾಗಲಿಲ್ಲ. ಹೇಗೂ ಕೆಲಸ ಹೋಯಿತು, ಇನ್ನು ಹೆದರುವುದೇನು ಅಂತ ನೇರವಾಗಿ ಕೇಳಿಯೇಬಿಟ್ಟಳು, ಸರ್, ಆ ಪುಸ್ತಕ ಒಂದು ಸಲ ನೋಡಬಹುದಾ ಎಂದು. ರಾಯರು ಓದಮ್ಮ, ಕಾಗುಣಿತ ತಪ್ಪಿದ್ದರೆ ತಿದ್ದು, ಟೀಚರಮ್ಮ ಬೈತಾರೆ ಎಂದು ಕೊಟ್ಟರು.

ಅವಳು ಓದಿದಳು. 'ಡ್ರೈವರ್ ಸ್ವಾಮಿಯವರು ಕಿಟಕಿ ತೆಗೆದುಕೊಟ್ಟರು. ತಿರುವಿನಲ್ಲಿ ನಿಧಾನ ಮಾಡಿದರು, ನನ್ನ ಹೆಂಡತಿಗೆ ವಾಂತಿ ಆಗಲಿಲ್ಲ. ಉಪಕಾರ.' 'ಹೋಟೆಲಿನವರು ಎರಡು ದಿಂಬು ಜಾಸ್ತಿ ಕೊಟ್ಟರು. ಗೋಡೆಯೊಳಗೆ ಸೋರುತ್ತಿದೆ, ಹೇಳಿದರೆ ಬೇಜಾರಾಗಬಹುದೆಂದು ಹೇಳಲಿಲ್ಲ. ಉಪಕಾರ.' ಪುಟ ತಿರುಗಿಸಿದಳು. 'ಗೈಡಮ್ಮ ಕೋಟೆಯ ಮೆಟ್ಟಿಲಲ್ಲಿ ನನ್ನ ಹೆಂಡತಿಯ ಕೈ ಹಿಡಿದು ಇಳಿಸಿದಳು. ಚರಂಡಿಯ ವಿಷಯ ಇಷ್ಟು ಚೆನ್ನಾಗಿ ಹೇಳುವವರನ್ನು ನಾನು ನೋಡಿಲ್ಲ. ನಮ್ಮನ್ನು ನೋಡಿದಾಗಲೆಲ್ಲ ಯಾಕೋ ಹೆದರುತ್ತಾಳೆ. ಮನೆಯಲ್ಲಿ ಏನೋ ಕಷ್ಟ ಇರಬೇಕು. ಕೇಳಲು ಧೈರ್ಯ ಬರಲಿಲ್ಲ. ಉಪಕಾರ.' ಹೀಗೆ ಕೊನೆಯ ಪುಟದವರೆಗೂ ಉಪಕಾರ.

ಅವಳು ಪುಸ್ತಕ ಮುಚ್ಚಿ ರಾಯರ ಕೈಗೆ ಕೊಟ್ಟಳು.

"ಹಾಗಾದ್ರೆ ನೀವು ನಿಜವಾಗ್ಲೂ ನಲ್ಲಿ ರಿಪೇರಿಯವರಾ?"

"ಹೌದಮ್ಮ," ಎಂದರು ರಾಯರು ಗಾಬರಿಯಿಂದ. "ಯಾಕೆ, ನಿಮ್ಮನೇಲಿ ಏನಾದ್ರೂ ಸೋರ್ತಿದೆಯಾ?"

ಸೋರುತ್ತಿದ್ದದ್ದು ಅವಳ ಕಣ್ಣು. ಅದನ್ನೊರೆಸಿಕೊಂಡು ಫಾರಂ ತೆಗೆದು ಮೂರನೆಯ ದೂರನ್ನು ಓದಿದಳು. ರಾಯರ ದಪ್ಪ ಅಕ್ಷರದಲ್ಲಿ ಹೀಗಿತ್ತು: 'ಗೈಡಮ್ಮ ನಾಲ್ಕು ದಿನದಲ್ಲಿ ಒಂದು ಸಲವೂ ನಮ್ಮ ಜೊತೆ ಕೂತು ತಿನ್ನಲಿಲ್ಲ.'

ಡ್ರೈವರ್ ಹೆಗಲ ಮೇಲಿಂದ ಇಣುಕಿ ನೋಡಿ, ಏನೇ ಆದರೂ ದೂರು ದೂರೇ, ಆಫೀಸಿನವರು ಎಣಿಸುವುದು ಚೌಕ ತುಂಬಿದೆಯಾ ಇಲ್ಲವಾ ಅಂತ ಮಾತ್ರ ಎಂದು ಗೊಣಗಿದ. ರಾಯರ ಹೆಂಡತಿ ಎದ್ದು, ಪಕ್ಕದ ಮೇಜಿನಿಂದ ಒಂದು ಕುರ್ಚಿ ಎಳೆದು ತಂದು ತಮ್ಮ ಪಕ್ಕದಲ್ಲಿ ಹಾಕಿದರು. ಇನ್ನೊಂದು ಟೀ ತರಿಸಿದರು. ಹುಡುಗಿ ಕುರ್ಚಿಯನ್ನು ನೋಡಿದಳು, ರಾಯರನ್ನು ನೋಡಿದಳು, ಕೂತಳು. ನಾಲ್ಕು ದಿನದಲ್ಲಿ ಅವಳ ಕಾಲಿಗೆ ಸಿಕ್ಕ ಮೊದಲ ರಜೆ ಅದು.

ಡ್ರೈವರಿಗೆ ಮಾತ್ರ ಇನ್ನೊಂದು ಯೋಚನೆ ಹತ್ತಿತು. ಇವರಲ್ಲದಿದ್ದರೆ ಆಫೀಸಿನ ಆ ಮನುಷ್ಯ ಯಾರು ಎಂದು ಕೇಳಿದ. ಸುತ್ತಲೂ ನಲವತ್ತು ಜನ ಟೀ ಕುಡಿಯುತ್ತಿದ್ದರು.

"ಯಾರಾದ್ರೂ ಆಗ್ಲಿ ಅಣ್ಣ," ಎಂದಳು ಹುಡುಗಿ. "ಮೊದಲು ಟೀ ಕುಡೀತೀನಿ."

ರಾಯರು ಫಾರಮ್ಮನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ದೂರಿನ ಮೇಲೆ ನೇರವಾಗಿ ಒಂದು ಗೆರೆ ಹೊಡೆದರು. ಷಡ್ಡಕರು ತಲೆ ಒರೆಸಿಕೊಳ್ಳುತ್ತಲೇ ಬಂದು, ಹಾಗೆ ಬರಿದೇ ಗೆರೆ ಹೊಡೆದರೆ ಯಾವ ಕಚೇರಿಯೂ ಒಪ್ಪುವುದಿಲ್ಲವೆಂದು, ಮೂವತ್ತೈದು ವರ್ಷದ ಅನುಭವವನ್ನು ಧಾರೆಯೆರೆದು ಹೇಳಿಕೊಟ್ಟರು. ರಾಯರು ಅವರು ಹೇಳಿದ್ದನ್ನೇ ಪಕ್ಕದಲ್ಲಿ ಬರೆದರು: 'ದೂರು ಸ್ಥಳದಲ್ಲಿಯೇ ಪರಿಹಾರವಾಗಿರುತ್ತದೆ.' ಕೆಳಗೆ ಸಹಿ ಹಾಕಿದರು. ಸಾಕ್ಷಿ ಎಂದು ಷಡ್ಡಕರೂ ಹಾಕಿದರು, ಅವರ ಒದ್ದೆ ತೋಳಿನಿಂದ ಸಹಿ ಸ್ವಲ್ಪ ಹರಡಿತು.

ಆಮೇಲೆ ರಾಯರು ಪುಸ್ತಕ ತೆಗೆದು, ಷಡ್ಡಕರ ಉಪಕಾರವನ್ನು ಮೊದಲು ಬರೆದುಕೊಂಡರು. ಅದರ ಕೆಳಗೆ ಇನ್ನೊಂದು ಸಾಲಿಗೆ ಮಾತ್ರ ಜಾಗವಿತ್ತು.

'ಗೈಡಮ್ಮ ಕೂತಳು. ಉಪಕಾರ.'